ಒಂದೇ ಪೋರ್ಟನ್ನು ಹಂಚಿಕೊಂಡ ವರ್ಚುಯಲ್ ಇಂಟರ್‌ಫೇಸ್‌ಗಳು: ಲಿಂಕ್ ವೇಗವೆಂದು ಯಾವ ಅಂಕಿಯನ್ನು ತೋರಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಒಂದು ಲಿನಕ್ಸ್ ಹೋಸ್ಟ್‌ನಲ್ಲಿ 10 ಗಿಗಾಬಿಟ್‌ನ ಪೋರ್ಟೊಂದನ್ನು ಎಸ್‌ಆರ್-ಐಒವಿ (ಒಂದು ನೆಟ್‌ವರ್ಕ್ ಕಾರ್ಡನ್ನು ಹಲವು ಕಾರ್ಡುಗಳಂತೆ ಕಾಣಿಸುವ ಸೌಲಭ್ಯ) ಮೂಲಕ ಎಂಟು ವರ್ಚುಯಲ್ ಫಂಕ್ಷನ್‌ಗಳಾಗಿ ಒಡೆದು, ಎಂಟು ವಿಎಂಗಳಿಗೆ (ವರ್ಚುಯಲ್ ಯಂತ್ರಗಳಿಗೆ) ಒಂದೊಂದನ್ನು ಕೊಟ್ಟಿದ್ದೇವೆ. ಮುಂದೆ ಇವನ್ನು ವಿಎಫ್ ಎಂದೇ ಕರೆಯುತ್ತೇನೆ. ಪ್ರತಿ ವಿಎಂ ಒಳಗೂ ಇಥ್‌ಟೂಲ್ (ಇಂಟರ್‌ಫೇಸ್‌ನ ವಿವರ ತೋರಿಸುವ ಆದೇಶ) ಓಡಿಸಿದರೆ ವೇಗ 10000 ಮೆಗಾಬಿಟ್ ಎಂದೇ ಬರುತ್ತದೆ. ಹೋಸ್ಟ್ ಕಡೆಯಿಂದ ಪ್ರತಿ ವಿಎಫ್‌ಗೂ ಮ್ಯಾಕ್ಸ್ ಟಿಎಕ್ಸ್ ರೇಟ್ (ಕಳಿಸುವ ಗರಿಷ್ಠ ದರ, ಮೆಗಾಬಿಟ್‌ನಲ್ಲಿ) 2000 ಎಂದು ಮಿತಿ ಹಾಕಿದ ಮೇಲೂ ಒಳಗಿನ ಅಂಕಿ ಒಂದಿಷ್ಟೂ ಬದಲಾಗಲಿಲ್ಲ.

ತೊಂದರೆ ಕಂಡದ್ದು ರಾತ್ರಿಯ ಹೊತ್ತಿನಲ್ಲಿ. ಫೈಲ್‌ಗಳ ನಕಲು ಬಹಳ ನಿಧಾನವಾಗುತ್ತಿದೆ ಎಂಬ ದೂರು ಎರಡು ವಾರ ಬಿಡದೆ ಬಂತು. ನಮ್ಮ ಮಾನಿಟರಿಂಗ್ ಪರದೆಯಲ್ಲಿ ಮಾತ್ರ ಎಲ್ಲವೂ ಹಸಿರು. ಶೇಕಡಾ 80 ದಾಟಿದರೆ ಅಲರ್ಟ್ ಬರಬೇಕೆಂದು ಇಟ್ಟಿದ್ದೆವು, ಯಾವ ವಿಎಫ್ ಕೂಡ ಶೇಕಡಾ 12ರ ಆಸುಪಾಸು ಬಿಟ್ಟು ಮೇಲೇರಿರಲಿಲ್ಲ. ಕೊನೆಗೆ ಕಾಗದ ಹಿಡಿದು ಕೂಡಿಸಿದಾಗ ಗೊತ್ತಾಯಿತು: ಒಂದೊಂದು ವಿಎಫ್‌ನಿಂದ ಹೊರಹೋಗುತ್ತಿದ್ದದ್ದು ಸುಮಾರು 1.2 ಗಿಗಾಬಿಟ್, ಎಂಟು ಸೇರಿದರೆ 9.6. ಪೋರ್ಟ್ ತುಂಬಿ ಹೋಗಿತ್ತು, ಅದನ್ನು ಹೇಳುವ ಒಂದೇ ಒಂದು ಗ್ರಾಫ್ ಕೂಡ ನಮ್ಮಲ್ಲಿರಲಿಲ್ಲ. ಇದರ ಜೊತೆಗೆ, ತಿಂಗಳ ಸಾಮರ್ಥ್ಯದ ವರದಿಯಲ್ಲಿ ಈ ಹೋಸ್ಟ್‌ಗೆ 80 ಗಿಗಾಬಿಟ್ ಇದೆ ಎಂದು ನಮೂದಾಗುತ್ತಿತ್ತು, ಏಕೆಂದರೆ ವರದಿ ಎಂಟು ಹತ್ತುಗಳನ್ನು ಸುಮ್ಮನೆ ಕೂಡಿಸುತ್ತಿತ್ತು.

ಇನ್ನೊಂದು ಹೋಸ್ಟ್‌ನಲ್ಲಿ ವರ್ಟಿಯೊ (ಹೋಸ್ಟ್‌ನ ತಂತ್ರಾಂಶವೇ ಒದಗಿಸುವ) ಇಂಟರ್‌ಫೇಸ್ ಇರುವ ವಿಎಂಗಳಿವೆ. ಅಲ್ಲಿ ವೇಗದ ಜಾಗದಲ್ಲಿ -1 ಬರುತ್ತದೆ, ಮಾನಿಟರಿಂಗ್‌ಗೆ ಬಳಸುವ ಪ್ರೊಮಿಥಿಯಸ್‌ಗೆ ಯಂತ್ರದ ಅಂಕಿಗಳನ್ನು ಒದಗಿಸುವ ನೋಡ್ ಎಕ್ಸ್‌ಪೋರ್ಟರ್ ಅದನ್ನು -125000 ಎಂದು ತೋರಿಸುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಹಂಚಿಕೊಂಡ ಪೋರ್ಟಿನ ಮೇಲಿರುವ ವರ್ಚುಯಲ್ ಇಂಟರ್‌ಫೇಸ್ ತನ್ನ ಲಿಂಕ್ ವೇಗ ಎಂದು ಏನನ್ನು ಹೇಳಬೇಕು? ಪೋರ್ಟಿನ ಪೂರ್ತಿ ವೇಗವನ್ನೇ, ತನಗೆ ಹಾಕಿದ ಮಿತಿಯನ್ನೇ, ಅಥವಾ ಎಂಟರಲ್ಲಿ ಒಂದು ಪಾಲನ್ನೇ? ಡ್ರೈವರ್ 2000 ಎಂದು ಹೇಳುವಂತೆ ಮಾಡುವ ದಾರಿ ಇದ್ದರೆ ಅದನ್ನೇ ಮಾಡಿಬಿಡೋಣ ಎನ್ನುವುದು ನಮ್ಮ ತಂಡದ ಅಭಿಪ್ರಾಯ.

ಉತ್ತರ 1

ತಂಡದ ಅಭಿಪ್ರಾಯ ಎಲ್ಲಿಂದ ಬಂದಿದೆ ಎಂಬುದು ಅರ್ಥವಾಗುತ್ತದೆ, ಆದರೆ ಡ್ರೈವರ್‌ನ ಬಾಯಲ್ಲಿ 2000 ಎಂದು ಹೇಳಿಸಲು ದಯವಿಟ್ಟು ಹೋಗಬೇಡಿ. ವಿಎಫ್ ಹೇಳುತ್ತಿರುವ 10000 ಸುಳ್ಳಲ್ಲ. ಆ ಅಂಕಿ ಉತ್ತರಿಸುವ ಪ್ರಶ್ನೆಯೇ ಬೇರೆ, ನೀವು ಅದನ್ನು ಕೇಳುತ್ತಿರುವ ಪ್ರಶ್ನೆಯೇ ಬೇರೆ.

ಲಿಂಕ್ ವೇಗ ಎಂದರೆ ಒಂದು ಫ್ರೇಮ್ (ದತ್ತಾಂಶದ ಒಂದು ತುಣುಕು) ಕೇಬಲ್ ಮೇಲೆ ಯಾವ ದರದಲ್ಲಿ ಸಾಗುತ್ತದೆ ಎಂಬ ಮಾಹಿತಿ. ನಿಮ್ಮ ಎಂಟು ವಿಎಂಗಳಲ್ಲಿ ಯಾವುದು ಕಳಿಸಿದರೂ ಅದರ ಫ್ರೇಮ್ ಪೋರ್ಟಿನಿಂದ ಹೊರಬೀಳುವುದು 10 ಗಿಗಾಬಿಟ್ ದರದಲ್ಲಿಯೇ. ಮಿತಿ ಎನ್ನುವುದು ಫ್ರೇಮ್‌ಗಳ ನಡುವೆ ಎಷ್ಟು ಹೊತ್ತು ಕಾಯಿಸಬೇಕು ಎಂಬುದನ್ನು ನಿರ್ಧರಿಸುತ್ತದೆಯೇ ಹೊರತು ಫ್ರೇಮಿನ ವೇಗವನ್ನಲ್ಲ. ವಿಎಫ್ ಡ್ರೈವರ್‌ಗೆ ಈ ವೇಗವನ್ನು ತಾನಾಗಿ ಅಳೆಯುವ ದಾರಿ ಇಲ್ಲ. ಹೋಸ್ಟ್‌ನಲ್ಲಿರುವ ಫಿಸಿಕಲ್ ಫಂಕ್ಷನ್‌ನ (ವಿಎಫ್‌ಗಳು ಹುಟ್ಟುವ ಮೂಲ ಇಂಟರ್‌ಫೇಸ್‌ನ) ಡ್ರೈವರ್ ಹೇಳಿ ಕಳಿಸಿದ್ದನ್ನೋ, ಕಾರ್ಡಿನ ರಿಜಿಸ್ಟರ್‌ನಲ್ಲಿ ಬರೆದಿದ್ದನ್ನೋ ಓದಿ ಒಪ್ಪಿಸುತ್ತದೆ, ಅಷ್ಟೇ. ಪೋರ್ಟ್ ಯಾವುದೋ ಕಾರಣಕ್ಕೆ 1 ಗಿಗಾಬಿಟ್‌ಗೆ ಇಳಿದರೆ, ವಿಎಫ್‌ನ ಸ್ಥಿತಿಯನ್ನು ಆಟೋ ಎಂದು ಬಿಟ್ಟಿದ್ದಲ್ಲಿ, ಎಂಟೂ ವಿಎಂಗಳಲ್ಲಿ 1000 ಎಂದು ಕಾಣಬೇಕು. ಇದು ಬಹಳ ಬೆಲೆಯುಳ್ಳ ಸುಳಿವು. ಅಲ್ಲಿ ನೀವು 2000 ಎಂದು ಕೂರಿಸಿಬಿಟ್ಟರೆ ಆ ಸುಳಿವನ್ನೇ ಕಳೆದುಕೊಳ್ಳುತ್ತೀರಿ.

ಎರಡನೆಯ ಮಾತು, ನೀವು ಹಾಕಿದ ಮಿತಿ ಒಂದೇ ದಿಕ್ಕಿನದು. ಮ್ಯಾಕ್ಸ್ ಟಿಎಕ್ಸ್ ರೇಟ್ ತಡೆಯುವುದು ವಿಎಂ ಕಳಿಸುವುದನ್ನು ಮಾತ್ರ, ಅದಕ್ಕೆ ಬರುವುದನ್ನಲ್ಲ. ವೇಗದ ಜಾಗದಲ್ಲಿ ಇರುವುದು ಎರಡೂ ದಿಕ್ಕಿಗೆ ಸೇರಿ ಒಂದೇ ಅಂಕಿ. ಅಲ್ಲಿ 2000 ಎಂದು ಬರೆದರೆ ಕಳಿಸುವ ಲೆಕ್ಕ ಸರಿಹೋಗಿ ಪಡೆಯುವ ಲೆಕ್ಕ ಕೆಡುತ್ತದೆ. ಮಿನ್ ಟಿಎಕ್ಸ್ ರೇಟ್ ಕೂಡ ಬಳಸಿದರೆ ಕನಿಷ್ಠ ಖಾತರಿ, ಗರಿಷ್ಠ ಮಿತಿ, ಪೋರ್ಟಿನ ವೇಗ ಎಂದು ಮೂರು ಅಂಕಿಗಳಾಗುತ್ತವೆ. ಮೂರನ್ನೂ ಒಂದು ಗೂಡಿನಲ್ಲಿ ತುರುಕಲು ಬರುವುದಿಲ್ಲ. ಎಂಟರಲ್ಲಿ ಒಂದು ಪಾಲು ಎಂಬ ಲೆಕ್ಕವಂತೂ ಇನ್ನೂ ಹದಗೆಡುತ್ತದೆ, ಏಕೆಂದರೆ ಉಳಿದ ಏಳು ಸುಮ್ಮನಿದ್ದಾಗ ಒಂದಕ್ಕೆ ಸಿಗುವುದು ಎಂಟರಲ್ಲಿ ಒಂದಲ್ಲ.

ಮೂರನೆಯದು, ಆ ಅಂಕಿಯನ್ನು ಓದುವವರು ನಿಮ್ಮ ಗ್ರಾಫ್‌ಗಳಷ್ಟೇ ಅಲ್ಲ. ಹಲವು ಇಂಟರ್‌ಫೇಸ್‌ಗಳನ್ನು ಒಂದಾಗಿ ಸೇರಿಸುವ, ಕರ್ನಲ್‌ನ ಬಾಂಡಿಂಗ್ ಡ್ರೈವರ್ 802.3ಎಡಿ ವಿಧಾನದಲ್ಲಿ ವೇಗ ಬೇರೆಬೇರೆ ಇರುವ ಇಂಟರ್‌ಫೇಸ್‌ಗಳನ್ನು ಬೇರೆಬೇರೆ ಗುಂಪಿಗೆ ಹಾಕುತ್ತದೆ, ಮತ್ತು ಅದಕ್ಕೆ ಗೊತ್ತಿರುವುದು ನಿಗದಿತ ವೇಗಗಳ ಒಂದು ಪಟ್ಟಿ ಮಾತ್ರ. 3300 ಎಂಬಂತಹ ಅಂಕಿ ಸಿಕ್ಕರೆ ಅದನ್ನು ಸೊನ್ನೆ ಎಂದು ಇಟ್ಟುಕೊಂಡು ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತದೆ. ದಟ್ಟಣೆಯನ್ನು ನಿಯಂತ್ರಿಸುವ ಟಿಸಿ ಆದೇಶದಲ್ಲಿ ದರವನ್ನು ಶೇಕಡಾವಾರು ಕೊಟ್ಟಿದ್ದರೆ ಅದು ಇದೇ ವೇಗದ ಮೇಲೆ ಲೆಕ್ಕ ಹಾಕುತ್ತದೆ. ಜಾಲದಲ್ಲಿ ದಾರಿ ಆರಿಸುವ ಒಎಸ್‌ಪಿಎಫ್ ಪ್ರೊಟೊಕಾಲ್‌ನ ವೆಚ್ಚ ಕೂಡ ಹಾಗೆಯೇ: ಆಧಾರ ವೇಗವನ್ನು 100 ಗಿಗಾಬಿಟ್ ಎಂದು ಇಟ್ಟ ಜಾಲದಲ್ಲಿ 10000ಕ್ಕೆ ವೆಚ್ಚ 10, 2000ಕ್ಕೆ 50. ಗ್ರಾಫ್ ಸರಿಪಡಿಸಲು ಹೋಗಿ ದಾರಿಯನ್ನೇ ಬದಲಿಸಿದಂತಾಗುತ್ತದೆ.

ನಿಯಮ ಇದೆಯೇ ಎಂದರೆ, 2000ನೇ ಇಸವಿಯ ಆರ್‌ಎಫ್‌ಸಿ 2863ರಲ್ಲಿ ಐಎಫ್-ಎಂಐಬಿಯ (ಇಂಟರ್‌ಫೇಸ್‌ಗಳ ಮಾಹಿತಿಯ ಪಟ್ಟಿಯ) ವ್ಯಾಖ್ಯೆ ಇದೆ. ಅದು ಇಂಟರ್‌ಫೇಸ್‌ನ ವೇಗವನ್ನು ಸದ್ಯದ ಬ್ಯಾಂಡ್‌ವಿಡ್ತ್‌ನ ಅಂದಾಜು ಎಂದೇ ಕರೆಯುತ್ತದೆ. ನಿಖರವಾಗಿ ಅಂದಾಜಿಸಲು ಆಗದಿದ್ದರೆ ಹೆಸರಿಗೆ ತಕ್ಕ ವೇಗವನ್ನು ಕೊಡಿ ಎನ್ನುತ್ತದೆ. ಬ್ಯಾಂಡ್‌ವಿಡ್ತ್ ಎಂಬ ಕಲ್ಪನೆಯೇ ಇಲ್ಲದ ಪದರಕ್ಕೆ ಸೊನ್ನೆ ಇಡಿ ಎನ್ನುತ್ತದೆ. ಹಂಚಿಕೊಂಡ ಪೋರ್ಟಿನ ಪಾಲಿನ ಬಗ್ಗೆ ಆ ವ್ಯಾಖ್ಯೆಯಲ್ಲಿ ಮಾತಿಲ್ಲ. ಸಾಧನಗಳ ಮಾಹಿತಿ ಓದುವ ಎಸ್‌ಎನ್‌ಎಂಪಿ ಪ್ರೊಟೊಕಾಲ್‌ನಿಂದ ಓದುವುದಾದರೆ ಐಎಫ್‌ಸ್ಪೀಡ್ ಬಿಟ್ಟು ಐಎಫ್‌ಹೈಸ್ಪೀಡ್ ಓದಿ. ಮೊದಲನೆಯದು 32 ಬಿಟ್‌ನದಾದ್ದರಿಂದ 4,29,49,67,295ಕ್ಕೆ ನಿಂತುಬಿಡುತ್ತದೆ.

ನಿಮ್ಮ ಅಲರ್ಟ್ ಇರಬೇಕಾದದ್ದು ವಿಎಫ್ ಮೇಲೆ ಅಲ್ಲ, ಪೋರ್ಟಿನ ಮೇಲೆ. ತುಂಬುವುದು ಪೋರ್ಟ್, ಆದ್ದರಿಂದ ತುಂಬಿದೆಯೇ ಎಂದು ಕೇಳಬೇಕಾದದ್ದೂ ಪೋರ್ಟನ್ನೇ.

ಉತ್ತರ 2

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಲಿಂಕ್ ವೇಗ ಎಂದರೆ ಯಾವಾಗಲೂ ಕೇಬಲ್‌ನ ದರ ಎಂಬುದನ್ನು ಎಲ್ಲ ಡ್ರೈವರ್‌ಗಳೂ ಪಾಲಿಸುತ್ತವೆ ಎಂದು ಓದುಗರು ತಿಳಿಯಬಾರದು, ಅದಕ್ಕಾಗಿ ಇಷ್ಟನ್ನು ಸೇರಿಸುತ್ತಿದ್ದೇನೆ.

ಒಂದು ಪೋರ್ಟನ್ನು ವಿಎಫ್‌ಗಳಾಗಿ ಒಡೆಯದೆ, ಕಾರ್ಡಿನ ಫರ್ಮ್‌ವೇರ್‌ನಲ್ಲಿಯೇ ಹಲವು ಫಿಸಿಕಲ್ ಫಂಕ್ಷನ್‌ಗಳಾಗಿ ಒಡೆಯುವ ಪದ್ಧತಿಯೂ ಇದೆ. ಬ್ಲೇಡ್ ಸರ್ವರ್‌ಗಳಲ್ಲಿ ಕೆಲಸ ಮಾಡಿದವರಿಗೆ ಎನ್‌ಪಿಎಆರ್ ಅಥವಾ ಫ್ಲೆಕ್ಸ್‌ನಿಕ್ ಎಂಬ ಹೆಸರುಗಳು ಪರಿಚಿತ. ಅಲ್ಲಿ ಒಂದೊಂದು ಭಾಗಕ್ಕೂ ಗರಿಷ್ಠ ಬ್ಯಾಂಡ್‌ವಿಡ್ತ್ ನಿಗದಿ ಮಾಡುತ್ತಾರೆ, ಆಪರೇಟಿಂಗ್ ಸಿಸ್ಟಂಗೆ ಅದು ಪ್ರತ್ಯೇಕ ಕಾರ್ಡಿನಂತೆಯೇ ಕಾಣುತ್ತದೆ. ಲಿನಕ್ಸ್‌ನ ಬಿಎನ್‌ಎಕ್ಸ್2ಎಕ್ಸ್ ಡ್ರೈವರ್‌ನ ಕೋಡ್ ತೆರೆದು ನೋಡಿ: ಮಿತಿಯನ್ನು ಶೇಕಡಾವಾರು ಕೊಟ್ಟಿದ್ದರೆ ಪೋರ್ಟಿನ ವೇಗವನ್ನು ಆ ಶೇಕಡಾದಿಂದ ಗುಣಿಸುತ್ತದೆ, ಇಲ್ಲದಿದ್ದರೆ ಮಿತಿಯ ಅಂಕಿಯನ್ನು 100 ಮೆಗಾಬಿಟ್‌ನ ಮಾನದಲ್ಲಿ ತೆಗೆದುಕೊಂಡು, ಅದು ಪೋರ್ಟಿನ ವೇಗಕ್ಕಿಂತ ಕಡಿಮೆ ಇದ್ದರೆ ಅದನ್ನೇ ಇಥ್‌ಟೂಲ್‌ಗೆ ಕೊಡುತ್ತದೆ. 10 ಗಿಗಾಬಿಟ್‌ನ ಪೋರ್ಟಿನಲ್ಲಿ ಶೇಕಡಾ 25 ಎಂದು ಇಟ್ಟ ಭಾಗ 2500 ಎಂದೇ ಹೇಳಿಕೊಳ್ಳುತ್ತದೆ.

ಇದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಸರ್ವರ್ ಹೊಂದಿಸುವ ದಿನವೇ ನಿರ್ವಾಹಕರು ಕೈಯಾರೆ ಮಾಡಿದ ವಿಭಾಗ ಅದು, ಮಾತುಮಾತಿಗೆ ಬದಲಾಗುವುದಿಲ್ಲ, ಯಂತ್ರದ ಒಳಗಿರುವವರಿಗೆ ಪೋರ್ಟಿನ ಉಳಿದ ಭಾಗಗಳು ಕಾಣುವುದೂ ಇಲ್ಲ. ವಿಎಫ್‌ನ ಮಿತಿ ಹಾಗಲ್ಲ. ವಿಎಂ ಓಡುತ್ತಿರುವಾಗಲೇ ಹೋಸ್ಟ್‌ನಿಂದ ಒಂದು ಆದೇಶ ಕೊಟ್ಟು ಅದನ್ನು ಏರಿಸಬಹುದು, ಇಳಿಸಬಹುದು. ಹೀಗೆ ಗಳಿಗೆಗೊಂದು ಬಣ್ಣ ತಾಳುವ ಅಂಕಿಯನ್ನು ಲಿಂಕ್ ವೇಗ ಎಂದು ಕರೆದರೆ ಒಎಸ್‌ಪಿಎಫ್‌ನಂಥವು ಪ್ರತಿ ಸಲವೂ ಎಚ್ಚೆತ್ತು ಮರುಲೆಕ್ಕ ಹಾಕುತ್ತವೆ. ಹಾಗಾಗಿ ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ: ಸ್ಥಿರವಾಗಿ ಕತ್ತರಿಸಿ ಕೊಟ್ಟ ಪಾಲಾದರೆ ಪಾಲನ್ನೇ ವೇಗ ಎನ್ನಬಹುದು, ಓಡುವಾಗ ಬದಲಿಸುವ ಕಡಿವಾಣವಾದರೆ ಪೋರ್ಟಿನ ವೇಗವನ್ನೇ ಹೇಳಿ ಕಡಿವಾಣವನ್ನು ಬೇರೆ ಕಡೆ ದಾಖಲಿಸಬೇಕು.

ಎರಡೂ ಬಗೆಯ ಯಂತ್ರಗಳು ನಿಮ್ಮಲ್ಲಿದ್ದರೆ ಒಂದೇ ವರದಿಯಲ್ಲಿ ಅವುಗಳ ವೇಗಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಡಿ. ಅಂಕಿ ಒಂದೇ ತೆರನಾಗಿ ಕಂಡರೂ ಅರ್ಥ ಒಂದೇ ಅಲ್ಲ.

ಉತ್ತರ 3

ವರ್ಟಿಯೊ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಅಲ್ಲಿ -1 ಬರುವುದು ದೋಷವಲ್ಲ, ಪ್ರಾಮಾಣಿಕತೆ. ವರ್ಟಿಯೊ ಇಂಟರ್‌ಫೇಸ್‌ನ ಹಿಂದೆ ಕೇಬಲ್ ಇಲ್ಲ. ಹೋಸ್ಟ್‌ನ ಮೆಮೊರಿಯಲ್ಲಿ ಬಫರ್‌ಗಳ ಹಸ್ತಾಂತರವಾಗುತ್ತದೆ, ಎಷ್ಟು ವೇಗವಾಗಿ ಎಂಬುದು ಸಿಪಿಯು ಎಷ್ಟು ಬಿಡುವಾಗಿದೆ ಎಂಬುದನ್ನು ನೆಚ್ಚಿಕೊಂಡಿರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಸರಿಯಾದ ನಡೆ. ಹೋಲಿಕೆಗೆ ಇದರ ಬಂಧುಗಳಾದ ಇತರ ವರ್ಚುಯಲ್ ಇಂಟರ್‌ಫೇಸ್‌ಗಳನ್ನು ನೋಡಿ: ವೆಥ್ ಜೋಡಿ 10000 ಎನ್ನುತ್ತದೆ, ವಿಎಂಎಕ್ಸ್‌ನೆಟ್3 ಕೂಡ 10000 ಎನ್ನುತ್ತದೆ, ಹೋಸ್ಟ್ ಕಡೆಯ ಟ್ಯಾಪ್ ಸಾಧನ 2023ಕ್ಕೆ ಮುಂಚಿನ ಕರ್ನಲ್‌ಗಳಲ್ಲಿ 10 ಮೆಗಾಬಿಟ್ ಎನ್ನುತ್ತಿತ್ತು, ಈಗಿನವುಗಳಲ್ಲಿ ಅದೂ 10000 ಎನ್ನುತ್ತದೆ. ಈ ಯಾವ ಅಂಕಿಯನ್ನೂ ಯಾರೂ ಅಳೆದಿಲ್ಲ. ಹಳೆಯ ಕರ್ನಲ್‌ನಲ್ಲಿ 900 ಮೆಗಾಬಿಟ್ ಹರಿಯುತ್ತಿರುವ ಟ್ಯಾಪ್ ಒಂದನ್ನು ಶೇಕಡಾವಾರು ಗ್ರಾಫ್‌ಗೆ ಹಾಕಿದರೆ ಶೇಕಡಾ 9000 ಎಂದು ಬರುತ್ತದೆ. ಅದನ್ನು ನೋಡಿ ಗಾಬರಿಯಾದ ಹೊಸಬರಿಗೆ ನಾನೇ ಒಂದೆರಡು ಸಲ ಸಮಾಧಾನ ಹೇಳಿದ್ದೇನೆ.

ನಿಮ್ಮ -125000ದ ಹಿಂದಿನ ಲೆಕ್ಕ ಸರಳ. ಕರ್ನಲ್ ವೇಗವನ್ನು ಮೆಗಾಬಿಟ್‌ನಲ್ಲಿ ಕೊಡುತ್ತದೆ, ಎಕ್ಸ್‌ಪೋರ್ಟರ್ ಅದನ್ನು ಬೈಟ್‌ಗೆ ತಿರುಗಿಸಲು ಹತ್ತು ಲಕ್ಷದಿಂದ ಗುಣಿಸಿ ಎಂಟರಿಂದ ಭಾಗಿಸುತ್ತದೆ. -1 ಅನ್ನು ಹಾಗೆ ಮಾಡಿದರೆ -125000. ಇದರಿಂದ ನಿಜವಾಗಿ ಆಗುವ ಹಾನಿ ಎಂದರೆ ಬಳಕೆಯ ಶೇಕಡಾವಾರು ಋಣಸಂಖ್ಯೆಯಾಗುವುದು. ಅಲರ್ಟ್ 80 ದಾಟಲಿ ಎಂದು ಕಾಯುತ್ತಿರುತ್ತದೆ, ದಟ್ಟಣೆ ಏರಿದಷ್ಟೂ ಅಂಕಿ ಸೊನ್ನೆಯಿಂದ ಕೆಳಕ್ಕೆ ಇಳಿಯುತ್ತ ಹೋಗುತ್ತದೆ. ತಪ್ಪು ವೇಗವನ್ನು ಬಿಟ್ಟುಬಿಡು ಎನ್ನುವ ಒಂದು ಆಯ್ಕೆ ಎಕ್ಸ್‌ಪೋರ್ಟರ್‌ನ ನೆಟ್‌ಕ್ಲಾಸ್ ವಿಭಾಗದಲ್ಲಿದೆ, ಅದನ್ನು ಹಾಕಿಕೊಳ್ಳಿ. ಅದರ ಜೊತೆಗೆ ವೇಗ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಭಾಗಿಸು ಎಂದು ಅಲರ್ಟ್‌ನ ನಿಯಮದಲ್ಲಿಯೂ ಬರೆಯಿರಿ.

ಗೆಸ್ಟ್ (ಅಂದರೆ ವಿಎಂ) ಒಳಗಿನ ಯಾವುದೋ ತಂತ್ರಾಂಶ ವೇಗ ತಿಳಿಯದೆ ಕೆಲಸವನ್ನೇ ಮಾಡದು ಎಂದಾದರೆ ಎರಡು ದಾರಿಗಳಿವೆ. ಗೆಸ್ಟ್ ಒಳಗಿನಿಂದಲೇ ಇಥ್‌ಟೂಲ್ ಮೂಲಕ ವರ್ಟಿಯೊಗೆ ವೇಗ, ಡ್ಯುಪ್ಲೆಕ್ಸ್ ನಮೂದಿಸಬಹುದು. ಇಲ್ಲವೇ ವಿಎಂ ನಡೆಸುವ ತಂತ್ರಾಂಶವಾದ ಕ್ಯೂಎಂಯು ಓಡಿಸುವಾಗ ಸ್ಪೀಡ್, ಡ್ಯುಪ್ಲೆಕ್ಸ್ ಎಂಬ ಗುಣಗಳನ್ನು ಕೊಟ್ಟರೆ ಗೆಸ್ಟ್ ಅದನ್ನು ಸಾಧನದಿಂದಲೇ ಓದಿಕೊಳ್ಳುತ್ತದೆ. ನನಗೆ ಎರಡನೆಯದೇ ಮೆಚ್ಚುಗೆ, ಏಕೆಂದರೆ ಹೋಸ್ಟ್‌ನ ಪೋರ್ಟ್ ಎಷ್ಟರದು ಎಂಬುದು ಹೋಸ್ಟ್ ನೋಡಿಕೊಳ್ಳುವವರಿಗೆ ತಿಳಿದಿರುತ್ತದೆ, ಗೆಸ್ಟ್‌ನವರಿಗೆ ತಿಳಿದಿರುವುದಿಲ್ಲ. ಯಾವ ದಾರಿ ಹಿಡಿದರೂ ಇದು ಬರಿಯ ಹಣೆಪಟ್ಟಿ, ದಟ್ಟಣೆಯ ಮೇಲೆ ಯಾವ ಕಡಿವಾಣವೂ ಬೀಳುವುದಿಲ್ಲ. ನೆಟ್-ಎಸ್‌ಎನ್‌ಎಂಪಿಯಲ್ಲೂ ಸಂರಚನೆಯ ಕಡತದಲ್ಲಿ ಇಂಟರ್‌ಫೇಸ್ ಎಂಬ ಸಾಲು ಸೇರಿಸಿ ಹೆಸರು, ಬಗೆ, ವೇಗ ಮೂರನ್ನೂ ಕೈಯಾರೆ ಕೊಡಲು ಅವಕಾಶವಿದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಡ್ರೈವರ್‌ಗೆ 2000 ಹೇಳಿಸುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಅದರ ಬದಲು ಎಂಟೂ ವಿಎಫ್‌ಗಳು ಕಳಿಸಿದ್ದನ್ನು ಕೂಡಿಸಿ, ಅದನ್ನು ಪೋರ್ಟಿನ 10 ಗಿಗಾಬಿಟ್‌ನಿಂದ ಭಾಗಿಸುವ ಹೊಸ ಗ್ರಾಫ್ ಮಾಡಿದೆ. ನಿನ್ನೆ ರಾತ್ರಿ ಅದು ಕೆಲವು ನಿಮಿಷಗಳ ಕಾಲ ಶೇಕಡಾ 140 ತೋರಿಸಿತು. ಮೊದಲು ಕೌಂಟರ್ ಉಕ್ಕಿ ಹರಿದಿರಬೇಕೆಂದುಕೊಂಡೆ, ಆದರೆ ಎಲ್ಲ ಕೌಂಟರ್‌ಗಳೂ 64 ಬಿಟ್‌ನವು. ಅದೇ ಹೊತ್ತಿಗೆ ಸ್ವಿಚ್‌ನಲ್ಲಿ ಆ ಪೋರ್ಟಿಗೆ ಬಂದದ್ದು 8.3 ಗಿಗಾಬಿಟ್ ಮಾತ್ರ ಎಂದು ದಾಖಲಾಗಿದೆ. 10 ಗಿಗಾಬಿಟ್‌ನ ಪೋರ್ಟಿನಿಂದ 14 ಗಿಗಾಬಿಟ್ ಹೊರಡುವುದು ಹೇಗೆ? ಹೊರಟಿದ್ದರೆ ಸ್ವಿಚ್‌ಗೆ ತಲುಪದೆ ಉಳಿದ 5.7 ಎಲ್ಲಿ ಹೋಯಿತು?

ಉತ್ತರ 1 ಬರೆದವರಿಂದ

ಆ 5.7 ಗಿಗಾಬಿಟ್ ಕಾರ್ಡನ್ನು ಬಿಟ್ಟು ಹೊರಗೆ ಹೋಗಲೇ ಇಲ್ಲ. ನಾನು ಮೊದಲ ಉತ್ತರದಲ್ಲಿಯೇ ಇದನ್ನು ಹೇಳಬೇಕಿತ್ತು.

ಎಸ್‌ಆರ್-ಐಒವಿ ಕಾರ್ಡಿನ ಒಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಒಂದು ವಿಎಫ್ ಕಳಿಸಿದ ಫ್ರೇಮಿನ ಗುರಿ ಅದೇ ಪೋರ್ಟಿನ ಇನ್ನೊಂದು ವಿಎಫ್ ಆಗಿದ್ದರೆ, ಆ ಸ್ವಿಚ್ ಫ್ರೇಮನ್ನು ಕೇಬಲ್‌ಗೆ ಬಿಡದೆ ಒಳಗಿಂದೊಳಗೇ ತಿರುಗಿಸುತ್ತದೆ. ಅಲ್ಲಿ 10 ಗಿಗಾಬಿಟ್‌ನ ಅಂಕೆ ಇಲ್ಲ, ಇರುವುದು ಪಿಸಿಐ ಎಕ್ಸ್‌ಪ್ರೆಸ್ ಬಸ್ಸಿನ ಅಂಕೆ. ಮೂರನೇ ತಲೆಮಾರಿನ ಎಂಟು ಲೇನ್‌ಗಳ ಕಾರ್ಡಾದರೆ ಲೇನ್‌ಗೆ 8 ಗಿಗಾಟ್ರಾನ್ಸ್‌ಫರ್, 130 ಬಿಟ್‌ನಲ್ಲಿ 128 ಮಾತ್ರ ದತ್ತಾಂಶ, ಅಂದರೆ ಒಂದೊಂದು ದಿಕ್ಕಿಗೆ ಸುಮಾರು 63 ಗಿಗಾಬಿಟ್; ಪ್ರೊಟೊಕಾಲ್‌ನ ಖರ್ಚು ಅದರಲ್ಲಿಯೇ ಕಳೆಯಬೇಕು. ಹಾಗಾಗಿ ವಿಎಫ್‌ಗಳ ಮೊತ್ತ ಪೋರ್ಟಿನ ವೇಗವನ್ನು ದಾಟುವುದು ಸಹಜವೇ.

ಇದರಿಂದ ಎರಡು ಮಾತು ಹೊರಡುತ್ತವೆ. ಪೋರ್ಟ್ ತುಂಬಿದೆಯೇ ಎಂದು ತಿಳಿಯಲು ವಿಎಫ್‌ಗಳ ಮೊತ್ತ ಸಾಲದು, ಕೇಬಲ್ಲಿಗೆ ಹತ್ತಿರದ ಕೌಂಟರ್ ಬೇಕು. ಸ್ವಿಚ್‌ನ ಪೋರ್ಟ್ ಕೌಂಟರ್ ಎಲ್ಲಕ್ಕಿಂತ ನಂಬಲರ್ಹ. ಹೋಸ್ಟ್‌ನಲ್ಲಿಯೇ ಓದುವುದಾದರೆ ಎಚ್ಚರ ಬೇಕು: ಫಿಸಿಕಲ್ ಫಂಕ್ಷನ್‌ನ ಸಾಮಾನ್ಯ ಕೌಂಟರ್‌ನಲ್ಲಿ ವಿಎಫ್‌ಗಳ ದಟ್ಟಣೆ ಸೇರಿರಬೇಕೆಂದಿಲ್ಲ. ಇಥ್‌ಟೂಲ್‌ನ ವಿವರವಾದ ಅಂಕಿಅಂಶದಲ್ಲಿ ಇಡೀ ಪೋರ್ಟಿನದೇ ಆದ ಸಾಲುಗಳನ್ನು ಹುಡುಕಬೇಕು. ಎಂಎಲ್‌ಎಕ್ಸ್5 ಡ್ರೈವರ್‌ನಲ್ಲಿ ಅವುಗಳ ಹೆಸರಿನ ತುದಿಗೆ ಫೈ ಎಂದಿರುತ್ತದೆ, ಐ40ಇಯಲ್ಲಿ ಮೊದಲಿಗೆ ಪೋರ್ಟ್ ಎಂದಿರುತ್ತದೆ, ಐಎಕ್ಸ್‌ಜಿಬಿಇಯಲ್ಲಿ ತುದಿಗೆ ನಿಕ್ ಎಂದಿರುತ್ತದೆ. ಎರಡನೆಯದಾಗಿ, ವಿಎಫ್‌ಗಳ ಮೊತ್ತದಿಂದ ಕೇಬಲ್ಲಿಗೆ ಹೋದದ್ದನ್ನು ಕಳೆದರೆ ಒಳಗೇ ಸುತ್ತಿದ ದಟ್ಟಣೆ ಎಷ್ಟೆಂದು ಸಿಗುತ್ತದೆ. ಆ ಅಂಕಿಯನ್ನೂ ಉಳಿಸಿಕೊಳ್ಳಿ. ಆ ವಿಎಂಗಳಲ್ಲಿ ಒಂದನ್ನು ನಾಳೆ ಬೇರೆ ಹೋಸ್ಟ್‌ಗೆ ಸಾಗಿಸಿದರೆ ಅಷ್ಟೂ ದಟ್ಟಣೆ ಒಮ್ಮೆಲೇ ಕೇಬಲ್ ಮೇಲೆ ಬಂದು ಬೀಳುತ್ತದೆ.

ಯಾವ ವಿಎಫ್ ಯಾವ ಪೋರ್ಟಿನದು ಎಂಬ ನಂಟನ್ನು ಹೋಸ್ಟ್‌ನ ಸಿಸ್‌ಎಫ್‌ಎಸ್‌ನಲ್ಲಿರುವ (ಸಾಧನಗಳ ಮಾಹಿತಿಯನ್ನು ಕರ್ನಲ್ ತೋರಿಸುವ ಕಡತಗಳಲ್ಲಿರುವ) ವರ್ಟ್‌ಎಫ್‌ಎನ್, ಫಿಸ್‌ಎಫ್‌ಎನ್ ಕೊಂಡಿಗಳಿಂದ ಪಡೆಯಬಹುದು. ಡ್ರೈವರ್ ಬೆಂಬಲಿಸಿದರೆ ಫಿಸ್ ಪೋರ್ಟ್ ಐಡಿ ಎಂಬ ಕಡತವೂ ಇರುತ್ತದೆ, ಎರಡು ಇಂಟರ್‌ಫೇಸ್‌ಗಳಲ್ಲಿ ಅದು ಒಂದೇ ಇದ್ದರೆ ಅವು ಒಂದೇ ಪೋರ್ಟಿನ ಮಕ್ಕಳು. ಕರ್ನಲ್‌ಗೆ ಅದು 2013ರಲ್ಲಿ ಬಂದದ್ದೇ ಇಂತಹ ಹಂಚಿಕೆಯನ್ನು ಗುರುತಿಸಲು: ಒಂದೇ ಪೋರ್ಟಿನ ಎರಡು ವಿಎಫ್‌ಗಳನ್ನು ಬಾಂಡ್ ಮಾಡಿಟ್ಟುಕೊಂಡು ಕೇಬಲ್ ಕಿತ್ತರೂ ಚಿಂತೆಯಿಲ್ಲ ಎಂದು ನಂಬಿರುವವರನ್ನು ಅದು ಉಳಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಹುಡುಕಿದೆ, ಸಿಕ್ಕಿತು. ಬ್ಯಾಕಪ್ ತೆಗೆದುಕೊಳ್ಳುವ ವಿಎಂ ಕೂಡ ಇದೇ ಪೋರ್ಟಿನ ಮೇಲಿದೆ, ರಾತ್ರಿ ಮೂರು ಡೇಟಾಬೇಸ್ ವಿಎಂಗಳು ತಲಾ 1.9 ಗಿಗಾಬಿಟ್‌ನಂತೆ ಅದಕ್ಕೆ ಕಳಿಸುತ್ತಿದ್ದವು. ಮೂರೂ ಸೇರಿ 5.7. ಮಿತಿ ಒಂದೇ ದಿಕ್ಕಿನದು ಎಂದು ನೀವು ಹೇಳಿದ್ದು ಇಲ್ಲಿ ಕಣ್ಣಾರೆ ಕಂಡಿತು: ಬ್ಯಾಕಪ್ ವಿಎಂಗೂ 2000ದ ಮಿತಿ ಇದೆ, ಆದರೂ ಅದು 5.7 ಗಿಗಾಬಿಟ್ ಪಡೆಯುತ್ತಿತ್ತು. ನಾವು ಹಟ ಹಿಡಿದು ಲಿಂಕ್ ವೇಗವನ್ನು 2000 ಎಂದು ತೋರಿಸಿದ್ದರೆ ಆ ವಿಎಂ ಶೇಕಡಾ 285 ಬಳಕೆ ಎಂದು ಕೂಗುತ್ತಿತ್ತು, ಅದಕ್ಕೆ ಮಾತ್ರ ಏನೂ ಆಗಿರುತ್ತಿರಲಿಲ್ಲ.

ಈಗ ಹೀಗೆ ಮಾಡಿದ್ದೇನೆ. ಶೇಕಡಾ 80ರ ಅಲರ್ಟ್ ಸ್ವಿಚ್‌ನ ಪೋರ್ಟ್ ಕೌಂಟರ್ ಮೇಲಿದೆ. ಪ್ರತಿ ವಿಎಫ್ ಕಳಿಸುವುದನ್ನು ಅದಕ್ಕೆ ಹಾಕಿದ ಮಿತಿಯ ಜೊತೆ ಹೋಲಿಸುವ ಗ್ರಾಫ್ ಬೇರೆ ಇದೆ, ಅದರ ಶೀರ್ಷಿಕೆಯಲ್ಲಿ ಲಿಂಕ್ ಎಂಬ ಪದವೇ ಇಲ್ಲ. ಮಿತಿಯನ್ನು ಹೋಸ್ಟ್‌ನಿಂದ ಓದಿ ತನ್ನದೇ ಹೆಸರಿನಲ್ಲಿ ದಾಖಲಿಸುತ್ತೇವೆ. ಸಾಮರ್ಥ್ಯದ ವರದಿ ಫಿಸಿಕಲ್ ಫಂಕ್ಷನ್‌ಗಳನ್ನು ಮಾತ್ರ ಎಣಿಸುತ್ತದೆ, ಆದ್ದರಿಂದ 80 ಇದ್ದದ್ದು 10ಕ್ಕೆ ಬಂದಿದೆ. ವಿಎಂ ಒಳಗಿನ 10000 ಹಾಗೆಯೇ ಇದೆ, ಅದು 10000 ಅಲ್ಲದೆ ಬೇರೇನಾದರೂ ಆದರೆ ತಕ್ಷಣ ತಿಳಿಸು ಎಂದು ಒಂದು ನಿಯಮ ಸೇರಿಸಿದ್ದೇನೆ. ಬ್ಯಾಕಪ್ ವಿಎಂ ಅನ್ನು ಇನ್ನೊಂದು ಹೋಸ್ಟ್‌ಗೆ ಸಾಗಿಸಬೇಕೆಂಬ ಕೋರಿಕೆ ನನ್ನ ಮೇಜಿನ ಮೇಲೆಯೇ ಇತ್ತು, 8.3ಕ್ಕೆ 5.7 ಸೇರಿದರೆ ಏನಾಗುತ್ತದೆ ಎಂದು ಬರೆದು ಅದನ್ನು ತಡೆಹಿಡಿದಿದ್ದೇನೆ.